ಪೇಪರಿನ ಸುಡೊಕು ಸಪ್ಪೆ ಅನ್ನಿಸ್ತಿದ್ರೆ: ಕಿಲ್ಲರ್, ಆ್ಯರೋ, ವಿಸ್ಪರ್ಸ್ ಬಿಡಿಸೋ ದಾರಿ

ಪೇಪರಲ್ಲಿ ಬರೋ ಸುಡೊಕು ಬೆಳಗಿನ ಚಾ ಆರೋದ್ರೊಳಗೆ ಮುಗೀತದೆ, "ಕಠಿಣ" ಅಂತ ಬರ್ದಿದ್ರೂ ಎಕ್ಸ್-ವಿಂಗ್ ಅನ್ನೋ ತಂತ್ರಕ್ಕೆ ಒಂದು ಜಾಗ ಸಿಕ್ರೆ ಉಳಿದಿದ್ದು ತಾನಾಗೇ ತುಂಬ್ತದೆ, ಈ ಹಂತಕ್ಕೆ ಬಂದವ್ರಿಗಾಗಿ ಬರೀತಿದ್ದೇನೆ. ಹಿಡನ್ ಸಿಂಗಲ್ (ಒಂದು ಅಂಕಿಗೆ ಒಂದೇ ಜಾಗ ಉಳಿಯೋದು), ನೇಕೆಡ್ ಪೇರ್ (ಎರಡು ಮನೇಲಿ ಅವೇ ಎರಡು ಅಂಕಿ ಉಳಿಯೋದು) ಎಲ್ಲ ಗೊತ್ತಿದೆ ಅಂದ್ಕೊಂಡೇ ಮುಂದೆ ಹೋಗ್ತೇನೆ. ನಮ್ಮ ಶಿರಸಿ ಕಡೆ ಮಳೆ ಹಿಡಿದ್ರೆ ಹೇಗೂ ಗೊತ್ತಲ್ಲ, ತೋಟಕ್ಕೆ ಹೋಗೋ ಹಾಗಿಲ್ಲ, ಕರೆಂಟ್ ಯಾವಾಗ ಹೋಗ್ತದೆ ಯಾವಾಗ ಬರ್ತದೆ ಹೇಳೋಕಾಗಲ್ಲ, ಅಂಥ ಮಧ್ಯಾಹ್ನಕ್ಕೆ ಒಂದು ಎ4 ಹಾಳೆ ಮೇಲೆ ಪ್ರಿಂಟ್ ಮಾಡಿದ ಒಳ್ಳೇ ವೇರಿಯಂಟ್ ಸುಡೊಕು (ಸಾದಾ ನಿಯಮದ ಜೊತೆ ಬೇರೆ ನಿಯಮವೂ ಸೇರಿದ್ದು) ಇದ್ರೆ ಬೇರೆ ಎಂತದೂ ಬೇಡ.

ಮೊದ್ಲು ಒಂದು ವಿಷಯ. ಸಾದಾ ಸುಡೊಕುಗೆ ಒಂದೇ ಉತ್ತರ ಇರ್ಬೇಕಂದ್ರೆ ಕನಿಷ್ಠ 17 ಅಂಕಿ ಕೊಟ್ಟಿರಲೇಬೇಕು, 16ರಲ್ಲಿ ಆಗೋದೇ ಇಲ್ಲ ಅಂತ 2012ರಲ್ಲಿ ಡಬ್ಲಿನ್‌ನ ಗ್ಯಾರಿ ಮೆಕ್‌ಗೈರ್ ತಂಡದವ್ರು ಕಂಪ್ಯೂಟರಲ್ಲಿ ಎಲ್ಲಾ ಸಾಧ್ಯತೆ ಹುಡುಕಿ ತೋರ್ಸಿದ್ದಾರೆ. ಆದ್ರೆ ವೇರಿಯಂಟಲ್ಲಿ ಅಂಕಿ ಒಂದೂ ಇಲ್ದೇ ಇರ್ಬಹುದು. ಅಕ್ಕನ ಮಗನಿಗೆ ಮೊದಲ ಸಲ ಒಂದು ಕೊಟ್ಟಾಗ ಅವ ಹಾಳೆ ತಿರುಗ್ಸಿ ಹಿಂದೆ ಮುಂದೆ ನೋಡಿ "ಮಾವಾ, ಇದ್ರಲ್ಲಿ ಒಂದು ನಂಬರೂ ಇಲ್ಯಲ, ಎಲ್ಲಿಂದ ಶುರು ಮಾಡವು?" ಅಂದ. ಸರಿಯಾದ ಪ್ರಶ್ನೆ ಅದು, ಯಾಕಂದ್ರೆ ಪೇಪರ್ ಸುಡೊಕು ನಮಗೆ ಅಂಕಿ ನೋಡೋದನ್ನ ಕಲಿಸ್ತದೆ, ವೇರಿಯಂಟಲ್ಲಿ ನೋಡ್ಬೇಕಾಗಿದ್ದು ನಿಯಮವನ್ನ. ಆ 17 ಅಂಕಿಯೊಳಗೆ ಇದ್ದ ಮಾಹಿತಿ ಎಲ್ಲ ಇಲ್ಲಿ ಗೆರೆ, ಬಾಣ, ಚುಕ್ಕೆಗಳೊಳಗೆ ಹೋಗಿ ಕೂತಿರ್ತದೆ.

ಪೆನ್ಸಿಲ್ ಹಿಡಿಯೋ ಮುಂಚೆ

ನಿಯಮ ಪೂರ್ತಿ ಓದಿ, ಮತ್ತೊಮ್ಮೆ ಓದಿ. ಎರಡು ಕಡೆ ಜನ ಎಡವ್ತಾರೆ. ಒಂದು, ಗೆರೆ ಅಥವಾ ಬಾಣದ ಮೇಲೆ ಅದೇ ಅಂಕಿ ಮತ್ತೆ ಬರ್ಬಹುದಾ ಇಲ್ವಾ ಅನ್ನೋದು. ಕಿಲ್ಲರ್ ಕೇಜಲ್ಲಿ (ಚುಕ್ಕೆ ಗೆರೆ ಸುತ್ತುವರಿದ ಮನೆಗಳ ಗುಂಪಲ್ಲಿ) ಬರೋ ಹಾಗಿಲ್ಲ, ಆದ್ರೆ ಬಾಣ 3×3 ಬಾಕ್ಸ್ ದಾಟಿ ಬಾಗಿ ಹೋದಾಗ ಒಂದಕ್ಕೊಂದು ಕಾಣದ, ಅಂದ್ರೆ ಒಂದೇ ಸಾಲು, ಕಾಲಂ, ಬಾಕ್ಸಲ್ಲಿ ಇಲ್ದೇ ಇರೋ ಮನೆಗಳಲ್ಲಿ ಅದೇ ಅಂಕಿ ಧಾರಾಳವಾಗಿ ಬರ್ಬಹುದು. ಇನ್ನೊಂದು, ಚುಕ್ಕೆ ಅಥವಾ ಗುರುತು "ಸಾಧ್ಯ ಇರೋ ಎಲ್ಲಾ ಕಡೆ ಕೊಟ್ಟಿದೆ" ಅಂತ ಬರ್ದಿದ್ಯಾ ಅನ್ನೋದು. ಹಾಗೆ ಬರ್ದಿದ್ರೆ ಗುರುತು ಇಲ್ದೇ ಇರೋ ಜಾಗವೂ ಒಂದು ಕ್ಲೂ. ಬರೀದೇ ಇದ್ರೆ ಖಾಲಿ ಜಾಗದಿಂದ ಎಂತದೂ ತೀರ್ಮಾನ ಮಾಡ್ಬೇಡಿ.

ಎರಡನೇದು, ಎಲ್ಲಾ 81 ಮನೇಲೂ ಸಣ್ಣ ಸಣ್ಣ ಅಂಕಿ ತುಂಬೋ ಅಭ್ಯಾಸ ಬಿಡಿ. ಮೂರು ಸಲ ವಿಶ್ವ ಚಾಂಪಿಯನ್ ಆದ ಅಮೆರಿಕದ ಥಾಮಸ್ ಸ್ನೈಡರ್ ಹೆಸರಲ್ಲಿ ಒಂದು ಪದ್ಧತಿ ಇದೆ, ಒಂದು ಬಾಕ್ಸಲ್ಲಿ ಒಂದು ಅಂಕಿ ಎರಡೇ ಮನೇಲಿ ಕೂರೋಕೆ ಸಾಧ್ಯ ಅಂದಾಗ ಮಾತ್ರ ಮೂಲೇಲಿ ಅದನ್ನ ಬರ್ಯೋದು. ವೇರಿಯಂಟಿಗೆ ಇದು ಚಲೋ ಹೊಂದ್ತದೆ. ಅದರ ಜೊತೆ, ಒಂದು ಮನೇಲಿ ಬರೋದು ಎರಡು ಮೂರು ಅಂಕಿಗೆ ಇಳಿದಾಗ ಅವನ್ನ ಮನೆಯ ಮಧ್ಯದಲ್ಲಿ ಬರೀರಿ. ಮೂಲೆ ಅಂದ್ರೆ "ಈ ಅಂಕಿ ಈ ಬಾಕ್ಸಲ್ಲಿ ಇಲ್ಲೆಲ್ಲ ಬರ್ಬಹುದು", ಮಧ್ಯ ಅಂದ್ರೆ "ಈ ಮನೇಲಿ ಇಷ್ಟೇ ಬರ್ಬಹುದು". ಇವೆರಡನ್ನ ಯಾವತ್ತೂ ಕಲಸಬೇಡಿ.

ಮೂರನೇದೇ ಮುಖ್ಯ. ಎಲ್ಲಿ ಅತ್ಯಂತ ಇಕ್ಕಟ್ಟು ಇದೆ ಅಂತ ಹುಡುಕಿ. ಅತಿ ಉದ್ದದ ಥರ್ಮೋ (ಥರ್ಮಾಮೀಟರ್ ಆಕಾರದ ಗೆರೆ), ಅತಿ ದೊಡ್ಡ ಅಥವಾ ಅತಿ ಸಣ್ಣ ಮೊತ್ತ, ಒಂದೇ ಸಾಲಲ್ಲಿ ಒತ್ತೊತ್ತಾಗಿ ಕೂತ ಎರಡು ಕ್ಲೂ. ಪಜಲ್ ಮಾಡಿದವ್ರು ಬಾಗಿಲು ಇಟ್ಟಿರೋದು ಹೆಚ್ಚಾಗಿ ಅಲ್ಲೇ.

ಕಿಲ್ಲರ್: ಇಲ್ಲಿಂದಲೇ ಶುರು ಮಾಡಿ

ಚುಕ್ಕೆ ಗೆರೆಯ ಕೇಜು, ಮೂಲೇಲಿ ಮೊತ್ತ, ಕೇಜೊಳಗೆ ಅಂಕಿ ಮರುಕಳಿಸೋ ಹಾಗಿಲ್ಲ. ಕೆಲವು ಮೊತ್ತಕ್ಕೆ ಒಂದೇ ದಾರಿ ಇರೋದು, ಅವು ಬಾಯಿಗೆ ಬರ್ಬೇಕು. ಎರಡು ಮನೆಗೆ 3 ಅಂದ್ರೆ 1-2, 4 ಅಂದ್ರೆ 1-3, 16 ಅಂದ್ರೆ 7-9, 17 ಅಂದ್ರೆ 8-9. ಮೂರು ಮನೆಗೆ 6, 7, 23, 24 ಅಂದ್ರೆ ಕ್ರಮವಾಗಿ 1-2-3, 1-2-4, 6-8-9, 7-8-9. ನಾಲ್ಕು ಮನೆಗೆ 10, 11, 29, 30. ಇದಿಷ್ಟು ಎಲ್ಲರೂ ಹೇಳ್ತಾರೆ, ಅದಕ್ಕಿಂತ ಒಂದು ಹೆಜ್ಜೆ ಮುಂದಿಂದು ನೋಡಿ: ಮೂರು ಮನೆಗೆ 8 ಅಂದ್ರೆ 1-2-5 ಅಥವಾ 1-3-4, ಯಾವ ದಾರಿಯಾದ್ರೂ 1 ಅಂಕಿ ಇದ್ದೇ ಇದೆ. ಹಾಗೇ ಮೂರು ಮನೆಗೆ 22 ಅಂದ್ರೆ 9 ಇದ್ದೇ ಇದೆ. ಕೇಜು ಒಂದೇ ಸಾಲಲ್ಲಿದ್ರೆ, ಪೂರ್ತಿ ಗೊತ್ತಾಗದೇ ಇದ್ರೂ ಆ ಒಂದು ಅಂಕಿಯನ್ನ ಸಾಲಿನ ಉಳಿದ ಮನೆಗಳಿಂದ ತೆಗೀಬಹುದು.

ಕ್ಲೂಗಳು ಒಂದರ ಮೇಲೊಂದು ಒತ್ತಿದಾಗ ಏನಾಗ್ತದೆ ನೋಡಿ. ಒಂದು ಸಾಲಲ್ಲಿ ಎರಡು ಮನೆ ಕೇಜು ಮೊತ್ತ 3, ಅದೇ ಸಾಲಲ್ಲಿ ಮೂರು ಮನೆ ಕೇಜು ಮೊತ್ತ 12. ಬರೀ 12 ನೋಡಿದ್ರೆ ಏಳು ದಾರಿ ಇದೆ, ತಲೆ ತಿರುಗ್ತದೆ. ಆದ್ರೆ 1, 2 ಆಗ್ಲೇ ಖರ್ಚಾಗಿದೆಯಲ್ಲ, ಅವೆರಡೂ ಇಲ್ದೇ 12 ಬರೋದು 3-4-5ರಲ್ಲಿ ಮಾತ್ರ. ಉಳಿದ ನಾಲ್ಕು ಮನೆ 6-7-8-9. ಒಂದು ಅಂಕಿಯೂ ಕೊಡದೇ ಇಡೀ ಸಾಲು ಮೂರು ಪಾಲಾಯ್ತು!

ಆಮೇಲೆ 45ರ ನಿಯಮ. 1ರಿಂದ 9 ಕೂಡಿದ್ರೆ 45, ಹಾಗಾಗಿ ಪ್ರತಿ ಸಾಲು, ಕಾಲಂ, ಬಾಕ್ಸ್ ಎಲ್ಲ 45. ಒಂದು ಬಾಕ್ಸೊಳಗೆ ಪೂರ್ತಿ ಕೂತ ಕೇಜುಗಳ ಮೊತ್ತ 38 ಆಗಿ ಒಂದೇ ಮನೆ ಉಳಿದ್ರೆ ಅದು 7. ಬಾಕ್ಸ್ ಪೂರ್ತಿ ಮುಚ್ಚಿ ಒಂದು ಮನೆ ಮಾತ್ರ ಹೊರಗೆ ಚಾಚಿದೆ, ಕೇಜುಗಳ ಮೊತ್ತ 51 ಅಂದ್ರೆ ಹೊರಗಿನ ಮನೆ 6. ಒಂದು ಬಾಕ್ಸಿಗೆ ಸಿಗದಿದ್ರೆ ಎರಡು ಸಾಲು ಸೇರ್ಸಿ 90, ಮೂರು ಸೇರ್ಸಿ 135 ಹಾಕಿ ನೋಡಿ. ಕಿಲ್ಲರ್ ಕಷ್ಟ ಅನ್ನೋವ್ರು ಹೆಚ್ಚಿನವ್ರು ಈ ಎರಡು-ಮೂರು ಸಾಲಿನ ಲೆಕ್ಕ ಹಾಕೋದೇ ಇಲ್ಲ, ಸೋಂಬೇರಿತನ ಬಿಟ್ಟು ಕೂಡಿಸಿ.

ಥರ್ಮೋ ಮತ್ತು ಆ್ಯರೋ

ಥರ್ಮೋ ಸುಲಭ, ಬೇಗ ಮುಗಿಸ್ತೇನೆ. ಬಲ್ಬಿನಿಂದ ತುದಿವರೆಗೆ ಅಂಕಿ ಏರ್ತಾ ಹೋಗ್ಬೇಕು. 6 ಮನೆ ಉದ್ದ ಇದ್ರೆ ಮೊದಲ ಮನೆ 1-4, ಎರಡನೇದು 2-5, ಹೀಗೆ ಕೊನೇದು 6-9. ಮಧ್ಯದಲ್ಲಿ ಒಂದು ಮನೆ ಜರುಗಿದ್ರೆ ಮುಂದಿನದೆಲ್ಲ ಜರುಗ್ತದೆ: ಮೂರನೇ ಮನೇಲಿ 3, 4 ಬರೋ ಹಾಗಿಲ್ಲ ಅಂತ ಸಾಲು ನೋಡಿ ಗೊತ್ತಾದ್ರೆ ಅದು ಕನಿಷ್ಠ 5, ಅಂದ್ರೆ ತುದಿ ಕನಿಷ್ಠ 8. "ಸ್ಲೋ ಥರ್ಮೋ" ಅಂತ ಬರ್ದಿದ್ರೆ ಮಾತ್ರ ಅಕ್ಕಪಕ್ಕ ಒಂದೇ ಅಂಕಿ ಇರ್ಬಹುದು, ಆಗ ಈ ಲೆಕ್ಕ ಹಾಗೇ ನಡೆಯಲ್ಲ.

ಆ್ಯರೋದಲ್ಲಿ ಬಾಣದ ಮೇಲಿನ ಅಂಕಿಗಳ ಮೊತ್ತ ಬಾಣದ ಬುಡದ ಸುತ್ತಿನೊಳಗಿನ ಅಂಕಿಗೆ ಸಮ. ಸುತ್ತಿನಲ್ಲಿ 9ಕ್ಕಿಂತ ಜಾಸ್ತಿ ಬರಲ್ಲ, ಇಷ್ಟೇ ಇದರ ಜೀವಾಳ. ಒಂದೇ ಸಾಲಲ್ಲಿ ಮಲಗಿದ ಮೂರು ಮನೆ ಬಾಣ ಕನಿಷ್ಠ 1+2+3, ಹಾಗಾಗಿ ಸುತ್ತು 6ರಿಂದ 9ರೊಳಗೆ. ಈಗ ಒಂದೇ ಸಾಲಲ್ಲಿ ಎರಡು ಆ್ಯರೋ, ಒಂದಕ್ಕೆ ಮೂರು ಮನೆ ಬಾಣ, ಇನ್ನೊಂದಕ್ಕೆ ಎರಡು ಮನೆ, ಸುತ್ತುಗಳೂ ಅದೇ ಸಾಲಲ್ಲೇ ಅಂತ ಇಟ್ಕೊಳ್ಳಿ. ಬಾಣದ ಐದು ಮನೇಲಿ ಐದು ಬೇರೆ ಬೇರೆ ಅಂಕಿ, ಮೊತ್ತ ಕನಿಷ್ಠ 15. ಸುತ್ತು ಎರಡೂ ಸೇರಿ ಹೆಚ್ಚಂದ್ರೆ 8+9, ಅಂದ್ರೆ 17. ಐದು ಬೇರೆ ಅಂಕಿ ಸೇರಿ 15, 16 ಅಥವಾ 17 ಆಗ್ಬೇಕಂದ್ರೆ 1, 2, 3 ಮೂರೂ ಇರಲೇಬೇಕು, 3 ಬಿಟ್ರೆ 1+2+4+5+6 ಆಗಿ 18ಕ್ಕೆ ಹೋಗ್ತದೆ. ಸುತ್ತುಗಳು 6ಕ್ಕಿಂತ ಕೆಳಗಿಲ್ಲ ಅನ್ನೋದೂ ಜೊತೆಗೆ ಸಿಕ್ತು. ಇಂಥ "ಕನಿಷ್ಠ ಇಷ್ಟು, ಗರಿಷ್ಠ ಇಷ್ಟು" ಅನ್ನೋ ಲೆಕ್ಕ ಹಾಕೋದು ಕೈಗೆ ಹತ್ತಿತು ಅಂದ್ರೆ ಮುಂದಿನ ಎಷ್ಟೋ ವೇರಿಯಂಟಿಗೆ ಅದೇ ಕೀಲಿಕೈ.

ಚುಕ್ಕೆಗಳು

ಕ್ರಾಪ್ಕಿ ಅಂತ ಹೆಸರು. ಬಿಳಿ ಚುಕ್ಕೆ ಅಂದ್ರೆ ಎರಡೂ ಪಕ್ಕದ ಮನೆ ಅನುಕ್ರಮ ಅಂಕಿ, ಕಪ್ಪು ಚುಕ್ಕೆ ಅಂದ್ರೆ ಒಂದು ಇನ್ನೊಂದರ ಎರಡರಷ್ಟು. ಕಪ್ಪು ಚುಕ್ಕೆ ಮೇಲೆ 5, 7, 9 ಯಾವತ್ತೂ ಬರಲ್ಲ. ಒಂದೇ ಸಾಲಲ್ಲಿ ಮೂರು ಮನೆ ಎರಡು ಕಪ್ಪು ಚುಕ್ಕೆಯಿಂದ ಸೇರಿದ್ರೆ ಅದು 1-2-4 ಅಥವಾ 2-4-8 ಮಾತ್ರ, 3 ಮತ್ತು 6 ಆ ಸರಪಳಿಗೆ ಬರಲ್ಲ ಯಾಕಂದ್ರೆ ಅವೆರಡಕ್ಕೆ ಬೇರೆ ಜೊತೆಗಾರರೇ ಇಲ್ಲ. ಹಾಗಾಗಿ 2 ಮತ್ತು 4 ಅಲ್ಲಿ ಗ್ಯಾರಂಟಿ. 1-2 ಜೋಡಿಗೆ ಬಿಳಿ ಚುಕ್ಕೆಯೂ ಬರ್ಬಹುದು, ಕಪ್ಪೂ ಬರ್ಬಹುದು, ಇದು ನೆನಪಿರ್ಲಿ. ಎಕ್ಸ್-ವಿ ಅನ್ನೋದೂ ಇದೇ ಜಾತಿ, ಎಕ್ಸ್ ಅಂದ್ರೆ ಮೊತ್ತ 10, ವಿ ಅಂದ್ರೆ ಮೊತ್ತ 5, ಎರಡರ ಮೇಲೂ 5 ಅಂಕಿ ಕೂರಲ್ಲ.

ಜರ್ಮನ್ ವಿಸ್ಪರ್ಸ್ ಮತ್ತು ರೆನ್ಬಾನ್

ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು ಇದು. ಹಸಿರು ಗೆರೆ ಮೇಲೆ ಅಕ್ಕಪಕ್ಕದ ಎರಡು ಅಂಕಿಗೆ ಕನಿಷ್ಠ 5 ವ್ಯತ್ಯಾಸ ಇರ್ಬೇಕು. ಒಂದೇ ವಾಕ್ಯದ ನಿಯಮ, ಆದ್ರೆ ಅದ್ರೊಳಗಿಂದ ಎಷ್ಟೊಂದು ಬರ್ತದೆ! ಮೊದಲನೇದು, 5 ಗೆರೆ ಮೇಲೆ ಬರಲ್ಲ, ಅದಕ್ಕೆ ಪಕ್ಕದಲ್ಲಿ 0 ಅಥವಾ 10 ಬೇಕಾಗ್ತದೆ. ಎರಡನೇದು, ಗೆರೆ ಉದ್ದಕ್ಕೂ ಸಣ್ಣದು (1-4), ದೊಡ್ಡದು (6-9), ಸಣ್ಣದು, ದೊಡ್ಡದು ಅಂತ ಒಂದು ಬಿಟ್ಟು ಒಂದು ಬರ್ಬೇಕು. ಯಾವ ತುದಿ ಸಣ್ಣದು ಅಂತ ಗೊತ್ತಿಲ್ದೇ ಇದ್ರೂ ಎರಡು ಬಣ್ಣ ಹಾಕ್ತಾ ಹೋಗಿ. ಅಡಿಕೆ ಆರಿಸೋವಾಗ ರಾಶಿ ಬೇರೆ ಬೆಟ್ಟೆ ಬೇರೆ ಅಂತ ಮೊದ್ಲು ಗುಡ್ಡೆ ಮಾಡ್ತೇವಲ್ಲ, ತೂಕ ರೇಟು ಎಲ್ಲ ಆಮೇಲೆ, ಹಾಗೇ ಇಲ್ಲಿ ಯಾವ ಅಂಕಿ ಅನ್ನೋದು ಆಮೇಲಿನ ಮಾತು. ಬಣ್ಣ ಹಾಕಿದ್ಮೇಲೆ ಸಾಲು ಸಾಲು ಎಣಿಸಿ, ಪ್ರತಿ ಸಾಲಲ್ಲಿ ನಾಲ್ಕು ಸಣ್ಣದು, ನಾಲ್ಕು ದೊಡ್ಡದು, ಒಂದು 5. ಒಂದು ಬಣ್ಣ ಐದನೇ ಸಲ ಬಂತು ಅಂದ್ರೆ ಎರಡು ಗೆರೆಗಳ ಬಣ್ಣ ಒಂದಕ್ಕೊಂದು ಉಲ್ಟಾ ಅಂತ ಗೊತ್ತಾಗ್ತದೆ.

ಮೂರನೇದು 4 ಮತ್ತು 6ರ ಕಥೆ. 4ರ ಪಕ್ಕ 9 ಮಾತ್ರ ಬರ್ಬಹುದು, 6ರ ಪಕ್ಕ 1 ಮಾತ್ರ. ಹಾಗಾದ್ರೆ 4 ಗೆರೆ ಮಧ್ಯೆ ಕೂತ್ರೆ ಎರಡೂ ಕಡೆ 9 ಬೇಕು, ಆ ಎರಡು ಮನೆ ಒಂದೇ ಸಾಲಲ್ಲೋ ಒಂದೇ ಬಾಕ್ಸಲ್ಲೋ ಇದ್ರೆ ಅದು ಅಸಾಧ್ಯ. ಅಂದ್ರೆ 4, 6 ಹೆಚ್ಚಾಗಿ ಗೆರೆಯ ತುದೀಲಿ, ಇಲ್ಲವಾದ್ರೆ ಬಾಕ್ಸ್ ದಾಟಿ ಬಾಗೋ ಜಾಗದಲ್ಲಿ. ಇದನ್ನ ಹಿಡಿದು ಪ್ರತಿ ಗೆರೆ ಮೇಲೆ "4, 6 ಎಲ್ಲಿ ಕೂರೋಕಾಗ್ತದೆ" ಅಂತ ಮೊದ್ಲೇ ಗುರುತು ಮಾಡಿಟ್ಕೊಳ್ಳಿ, ಅರ್ಧ ಪಜಲ್ ಅಲ್ಲೇ ಬಿಚ್ಚಿ ಬರ್ತದೆ.

ರೆನ್ಬಾನ್ ಗೆರೆ ಮೇಲೆ ಅನುಕ್ರಮ ಅಂಕಿಗಳ ಒಂದು ಗುಂಪು, ಯಾವ ಕ್ರಮದಲ್ಲಾದ್ರೂ ಸರಿ. ಇಲ್ಲಿ ಉದ್ದವೇ ಕ್ಲೂ. 5 ಮನೆ ಇದ್ರೆ 5 ಇರಲೇಬೇಕು, 6 ಮನೆ ಇದ್ರೆ 4-5-6 ಮೂರೂ, 7 ಮನೆ ಇದ್ರೆ 3ರಿಂದ 7ರವರೆಗೆ ಎಲ್ಲ. ವಿಸ್ಪರ್ಸ್ 5ನ್ನ ಓಡಿಸ್ತದೆ, ರೆನ್ಬಾನ್ 5ನ್ನ ಎಳೀತದೆ, ಎರಡೂ ಒಂದೇ ಪಜಲಲ್ಲಿ ಇದ್ರೆ 5ರಿಂದಲೇ ಶುರು ಮಾಡಿ.

ಸ್ಯಾಂಡ್‌ವಿಚ್

ಅಂಚಿನಲ್ಲಿ ಬರ್ದ ಸಂಖ್ಯೆ ಆ ಸಾಲಲ್ಲಿ 1 ಮತ್ತು 9ರ ನಡುವೆ ಸಿಕ್ಕಿಹಾಕ್ಕೊಂಡ ಅಂಕಿಗಳ ಮೊತ್ತ. 0 ಅಂದ್ರೆ 1, 9 ಅಕ್ಕಪಕ್ಕ, 35 ಅಂದ್ರೆ ಎರಡೂ ತುದೀಲಿ. ದೊಡ್ಡ ಮೊತ್ತ ಬಂದ್ರೆ ಒಳಗೆ ಏನಿದೆ ಅಂತ ಹುಡುಕ್ಬೇಡಿ, ಹೊರಗೆ ಏನು ಉಳೀತು ಅಂತ ನೋಡಿ: 33 ಅಂದ್ರೆ ಹೊರಗೆ ಬರೀ 2, ಹಾಗಾಗಿ 1 ಮತ್ತು 9 ಇರೋದು 1ನೇ-8ನೇ ಮನೇಲಿ ಅಥವಾ 2ನೇ-9ನೇ ಮನೇಲಿ. ಬೇರೆ ಅಂಕಿ ಎಲ್ಲ ಬಿಟ್ಟು ಮೊದ್ಲು ಇಡೀ ಚೌಕದಲ್ಲಿ 1 ಮತ್ತು 9 ಎಲ್ಲಿ ಬರ್ಬಹುದು ಅನ್ನೋದನ್ನ ಮಾತ್ರ ಮುಗಿಸಿ.

ಕುದುರೆ, ರಾಜ ಮತ್ತು ಎರಡೇ ಅಂಕಿಯ ಸುಡೊಕು

ಚೆಸ್‌ನ ಕುದುರೆ ನಡೆ ದೂರದಲ್ಲಿ ಅದೇ ಅಂಕಿ ಇಲ್ಲ ಅಂದ್ರೆ ಆ್ಯಂಟಿ-ನೈಟ್, ರಾಜನ ನಡೆ ದೂರದಲ್ಲಿ ಇಲ್ಲ ಅಂದ್ರೆ ಆ್ಯಂಟಿ-ಕಿಂಗ್. ಎರಡೂ ಇದ್ದಾಗ ಬಲ ನೋಡಿ. ಮಧ್ಯದ ಬಾಕ್ಸಿನ ನಟ್ಟನಡು ಮನೇಲಿ ಒಂದು ಅಂಕಿ ಕೂತ್ರೆ ಬಲಗಡೆ ಬಾಕ್ಸಲ್ಲಿ ಅದಕ್ಕೆ ಉಳಿಯೋದು 4 ಮನೆ. ಅದೇ ಅಂಕಿ ಒಂದು ಮನೆ ಬಲಕ್ಕೆ, ಅಂದ್ರೆ 5ನೇ ಸಾಲು 6ನೇ ಕಾಲಮ್ಮಿನಲ್ಲಿ ಕೂತ್ರೆ ಬಲಗಡೆ ಬಾಕ್ಸಲ್ಲಿ ಉಳಿಯೋದು ಎರಡೇ, ದೂರದ ಕಾಲಮ್ಮಿನ ಮೇಲಿಂದು ಮತ್ತು ಕೆಳಗಿಂದು. ಹಾಗಾಗಿ ಒಂದು ಅಂಕಿ ಹಿಡಿದ್ರೆ ಅದನ್ನ ಒಂಬತ್ತೂ ಬಾಕ್ಸಲ್ಲಿ ಓಡಾಡ್ಸಿ ಮುಗಿಸಿ, ಆಮೇಲೆ ಇನ್ನೊಂದು ಅಂಕಿ.

ಇದರ ಜೊತೆ "ಅನುಕ್ರಮ ಅಂಕಿ ಅಕ್ಕಪಕ್ಕ, ಮೇಲೆ ಕೆಳಗೆ ಬರೋ ಹಾಗಿಲ್ಲ" ಅನ್ನೋದೂ ಸೇರಿದ್ರೆ 2020ರ ಮಿರಾಕಲ್ ಸುಡೊಕು ಆಗ್ತದೆ. ಮಿಚೆಲ್ ಲೀ ಅನ್ನೋವ್ರು ಮಾಡಿದ್ದು, ಚೌಕದಲ್ಲಿ ಕೊಟ್ಟಿರೋದು ಒಂದು 1, ಒಂದು 2, ಅಷ್ಟೇ. ಬ್ರಿಟನ್ನಿನ ಕ್ರ್ಯಾಕಿಂಗ್ ದ ಕ್ರಿಪ್ಟಿಕ್ ಯೂಟ್ಯೂಬ್ ಚಾನೆಲ್ಲಲ್ಲಿ ಸೈಮನ್ ಆ್ಯಂಥನಿ ಅದನ್ನ ಬಿಡಿಸಿದ ವಿಡಿಯೋ ಇದೆ, ನೀವೇ ಒಂದು ಕೈ ನೋಡಿ ಆಮೇಲೆ ವಿಡಿಯೋ ನೋಡಿ. ಅದಕ್ಕೆ ಬೇಕಾಗೋ ಒಂದು ಉಪಾಯ ಹೇಳ್ತೇನೆ: ಒಂದು ಮನೇಲಿ 3 ಅಥವಾ 4 ಮಾತ್ರ ಅಂತ ಇದ್ರೆ ಅದರ ಅಕ್ಕಪಕ್ಕದ, ಮೇಲೆ ಕೆಳಗಿನ ಯಾವ ಮನೇಲೂ 3, 4 ಎರಡೂ ಬರಲ್ಲ. ಪಕ್ಕದಲ್ಲಿ 3 ಹಾಕಿದ್ರೆ ಈ ಮನೆಗೆ 3 ಆಗಲ್ಲ, ಅನುಕ್ರಮ ಆಗಿದ್ರಿಂದ 4ಕ್ಕೂ ಜಾಗ ಇಲ್ಲ. ಅದೇ ಮನೇಲಿ 3 ಅಥವಾ 5 ಅಂತ ಇದ್ರೆ ಪಕ್ಕದಲ್ಲಿ 4 ಬರಲ್ಲ.

ಬಾಗಿಲೇ ಕಾಣದಿದ್ರೆ

ಎಲ್ಲ ಹಾಕಿದ್ರೂ ಒಂದು ಮನೆಯೂ ತುಂಬದೇ ಇದ್ರೆ ಫಿಸ್ಟೊಮೆಫೆಲ್ ರಿಂಗ್ ನೋಡಿ, ಆ ಹೆಸರಿಟ್ಕೊಂಡ ಜರ್ಮನ್ ಪಜಲ್ ಕರ್ತನಿಂದ ಬಂದ ಹೆಸರು. ನಡುವಿನ ಬಾಕ್ಸಿನ ಸುತ್ತ ಬಳೆಯ ಹಾಗಿರೋ 16 ಮನೆ, ಮತ್ತು ಚೌಕದ ನಾಲ್ಕು ಮೂಲೆಯ 2×2 ತುಂಡುಗಳ 16 ಮನೆ, ಇವೆರಡರಲ್ಲೂ ಅವೇ ಅಂಕಿಗಳು ಅಷ್ಟೇ ಸಲ ಬರ್ತವೆ. ಯಾವ ಸುಡೊಕುನಲ್ಲಾದ್ರೂ! ನಿನ್ನೆಯ ಪೇಪರಿಂದು ಬಿಡಿಸಿಟ್ಟಿದ್ರೆ ಈಗ್ಲೇ ಎಣಿಸಿ ನೋಡಿ.

ಯಾಕೆ ಹಾಗೆ ಅಂದ್ರೆ, ನಾಲ್ಕು ಮೂಲೆ ಬಾಕ್ಸ್ ಒಂದು ಗುಂಪು ಮಾಡಿ. 3ನೇ ಸಾಲು, 7ನೇ ಸಾಲು, 3ನೇ ಕಾಲಂ, 7ನೇ ಕಾಲಂ ಇನ್ನೊಂದು ಗುಂಪು. ಎರಡು ಗುಂಪಲ್ಲೂ 1ರಿಂದ 9ರ ನಾಲ್ಕು ನಾಲ್ಕು ಸೆಟ್ ಇದೆ, ಅಂದ್ರೆ ಎರಡೂ ಸಮ. ಈಗ ಎರಡೂ ಕಡೆ ಇರೋ ಮನೆಗಳನ್ನ ಎರಡೂ ಕಡೆಯಿಂದ ತೆಗೀರಿ. ಮೊದಲ ಗುಂಪಲ್ಲಿ ಉಳಿಯೋದು ಮೂಲೆಯ 2×2 ತುಂಡುಗಳು. ಎರಡನೇ ಗುಂಪಲ್ಲಿ ಸಾಲು ಕಾಲಂ ಕೂಡೋ ನಾಲ್ಕು ಮನೆ ಎರಡೆರಡು ಸಲ ಲೆಕ್ಕ ಆಗಿತ್ತು, ಒಂದೊಂದು ಸಲ ತೆಗೆದ ಮೇಲೂ ಒಂದೊಂದು ಸಲ ಉಳೀತದೆ, ಅದರ ಜೊತೆ ಬಾಕಿ ಮನೆ ಸೇರಿ ಆ ಬಳೆ. ಮುಗೀತು. ಬಳೆ ಬಿಟ್ಟುಬಿಡಿ, ಈ ಪದ್ಧತಿಯನ್ನೇ ಕಲೀರಿ: ಕೆಲವು ಸಾಲು ಒಂದು ಕಡೆ, ಅಷ್ಟೇ ಸಂಖ್ಯೆಯ ಬಾಕ್ಸೋ ಕಾಲಮ್ಮೋ ಇನ್ನೊಂದು ಕಡೆ, ಸಮಾನ ಇದ್ದಿದ್ದು ಹೊಡೀರಿ, ಉಳಿದಿದ್ದು ಸಮ. ಮೂಲೆಗಳಲ್ಲಿ ಭಾರೀ ಮೊತ್ತದ ಕೇಜು, ನಡುವೆ ಸುತ್ತ ಥರ್ಮೋ ಇರೋ ಪಜಲ್ ಕಂಡ್ರೆ ಇದೇ ಬೇಕಾಗ್ತದೆ ಅಂತ ಗುಮಾನಿ ಪಡಿ.

ಊಹೆ ಮಾಡಿ ತುಂಬೋದರ ಬಗ್ಗೆ ಒಂದು ಮಾತು. "ಇಲ್ಲಿ 3 ಆದ್ರೆ ಅಲ್ಲಿ 8, ಹಾಗಾದ್ರೆ ಆ ಬಾಣ ಮುರೀತದೆ" ಅಂತ ತಲೆಯೊಳಗೇ ಎರಡು ಹೆಜ್ಜೆ ನೋಡೋದು ತಪ್ಪಲ್ಲ, ಅದೂ ತರ್ಕವೇ. ಆದ್ರೆ ಒಂದು ಅಂಕಿ ಬರ್ದು ಇಡೀ ಚೌಕ ತುಂಬ್ತಾ ಹೋಗಿ ಎಲ್ಲೋ ಸಿಕ್ಕಾಕ್ಕೊಂಡಾಗ ಅಳಿಸೋದು ಬೇಡ, ಉತ್ತರ ಸಿಕ್ಕಿದ್ರೂ ಆ ಪಜಲ್ ಮಾಡಿದವ್ರು ಇಟ್ಟ ಸೊಗಸು ನಿಮಗೆ ಸಿಗ್ಲಿಲ್ಲ. ಸಿಗದಿದ್ರೆ ಮಡಚಿಟ್ಟು ನಾಳೆ ತೆಗೀರಿ.

ಎಲ್ಲಿ ಸಿಗ್ತದೆ, ಹೇಗೆ ಇಟ್ಕೊಳ್ಳೋದು

ಲಾಜಿಕ್ ಮಾಸ್ಟರ್ಸ್ ಇಂಡಿಯಾದವ್ರು ಸುಡೊಕು ಮಹಾಭಾರತ್ ಅನ್ನೋ ಆನ್‌ಲೈನ್ ಸ್ಪರ್ಧೆ ನಡೆಸ್ತಾರೆ, ಅದರಲ್ಲಿ ವೇರಿಯಂಟ್ ಇರ್ತವೆ. 2017ರ ವಿಶ್ವ ಸುಡೊಕು ಚಾಂಪಿಯನ್‌ಶಿಪ್ ನಮ್ಮ ಬೆಂಗಳೂರಲ್ಲೇ ಆಗಿತ್ತು, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಜರ್ಮನಿಯ ಲಾಜಿಕ್ ಮಾಸ್ಟರ್ಸ್ ಪೋರ್ಟಲ್ಲಲ್ಲಿ ಓದುಗರೇ ಮಾಡಿದ ಪಜಲ್‌ಗಳು ರಾಶಿ ರಾಶಿ ಇವೆ, ಎಷ್ಟು ಕಷ್ಟ ಅಂತ ಬಿಡಿಸಿದವ್ರೇ ಗುರುತು ಹಾಕಿರ್ತಾರೆ, ಶುರುವಲ್ಲಿ ಸುಲಭದ್ದನ್ನೇ ಆರಿಸ್ಕೊಳ್ಳಿ. ಫೋನಲ್ಲಿ ಬಿಡಿಸೋಕೆ ಸುಡೊಕುಪ್ಯಾಡ್ ಒಳ್ಳೇದು, ಮೂಲೆ ಗುರುತು, ಮಧ್ಯದ ಗುರುತು, ಬಣ್ಣ ಎಲ್ಲ ಅದರಲ್ಲಿದೆ. ಕಾರವಾರದಿಂದ ಮಂಗಳೂರಿಗೆ ರೈಲಲ್ಲಿ ಹೋಗೋವ್ರು ಪಜಲ್ ಮೊದ್ಲೇ ತೆಗೆದಿಟ್ಕೊಂಡು ಒಂದು ಸ್ಕ್ರೀನ್‌ಶಾಟ್ ನಿಯಮ ಸಮೇತ ಹೊಡೆದಿಟ್ಕೊಳ್ಳಿ, ಸುರಂಗ ಬಂದಾಗೆಲ್ಲ ನೆಟ್ ಹೋಗ್ತದೆ.

ಪ್ರಿಂಟ್ ಹಾಕಿಸೋದಾದ್ರೆ ಒಂದು ಹಾಳೆಗೆ ಒಂದೇ ಪಜಲ್, ದೊಡ್ಡದಾಗಿ, ನಿಯಮ ಕೆಳಗೇ ಇರೋ ಹಾಗೆ. ಕಪ್ಪು-ಬಿಳುಪಲ್ಲಿ ವಿಸ್ಪರ್ಸ್ ಗೆರೆ, ರೆನ್ಬಾನ್ ಗೆರೆ ಎರಡೂ ಬೂದಿಯಾಗಿ ಒಂದೇ ಥರ ಕಾಣ್ತದೆ, ಅಂಥದ್ದಕ್ಕೆ ಕಲರ್ ಪ್ರಿಂಟೇ ಬೇಕು. ಆಷಾಢದ ತೇವಕ್ಕೆ ಹಾಳೆ ಮೆತ್ತಗಾಗಿ ಗಟ್ಟಿ ಪೆನ್ಸಿಲ್‌ಗೆ ಹರೀತದೆ, ಹಾಗಾಗಿ 2ಬಿ ಪೆನ್ಸಿಲ್, ಮೆತ್ತನೆ ರಬ್ಬರ್, ಎರಡು ತಿಳಿ ಬಣ್ಣದ ಪೆನ್ಸಿಲ್ ಇಟ್ಕೊಳ್ಳಿ. ಕ್ರಮ ಕೇಳಿದ್ರೆ ಕಿಲ್ಲರ್, ಆಮೇಲೆ ಥರ್ಮೋ-ಆ್ಯರೋ, ಆಮೇಲೆ ವಿಸ್ಪರ್ಸ್. ಎರಡು ನಿಯಮ ಸೇರಿದ್ದನ್ನ ಇವು ಮೂರೂ ಒಂಟಿಯಾಗಿ ಬಂದ್ಮೇಲೇ ಮುಟ್ಟಿ. ಕೊನೇಲಿ ಎರಡು ಉತ್ತರ ಬರ್ತಿದೆ ಅನ್ನಿಸಿದ್ರೆ ಪಜಲ್ ತಪ್ಪು ಅನ್ನೋ ಮುಂಚೆ ನಿಯಮದ ಪ್ಯಾರಾ ಇನ್ನೊಂದ್ಸಲ ಓದಿ, ಮರೆತ ಒಂದು ಸಾಲು ಅಲ್ಲಿ ಇದ್ದೇ ಇರ್ತದೆ.